ಸೊನ್ನೆ ಬಾರದ ಪ್ರೋಗ್ರಾಂ: ಮರ್ಸೆನ್ ಸಂಖ್ಯೆಗಳ ಪರೀಕ್ಷಕ ಕಟ್ಟಿ, ಕೆಡಿಸಿ, ರಿಪೇರಿ ಮಾಡಿದ್ದು

ಪ್ರೋಗ್ರಾಂ ಮಾಡಬೇಕಾದ ಕೆಲಸ ಇಷ್ಟೇ. ನಾನು 127 ಅಂತ ಕೊಟ್ಟರೆ, 2^127 − 1 ಅವಿಭಾಜ್ಯವೋ ಅಲ್ಲವೋ ಹೇಳಬೇಕು. ಅವಿಭಾಜ್ಯವಾದರೆ ಲೆಕ್ಕದ ಕೊನೆಗೆ ಸೊನ್ನೆ ಉಳಿಯುತ್ತದೆ. ಅಲ್ಲದಿದ್ದರೆ ಬೇರೇನೋ ಉಳಿಯುತ್ತದೆ. ಹತ್ತು ಸಾಲಿನ ಪೈಥಾನ್, ಒಂದು ಸಂಜೆಯ ಕೆಲಸ ಅಂದುಕೊಂಡು ಕೂತೆ. ಮೂರು ವಾರ ಹಿಡಿಯಿತು. ಅದರಲ್ಲಿ ಬರೆದದ್ದು ಕಮ್ಮಿ, ತಪ್ಪು ಹುಡುಕಿದ್ದೇ ಜಾಸ್ತಿ.

2ನ್ನು ಎಷ್ಟೋ ಸಲ ಗುಣಿಸಿ ಕೊನೆಗೆ 1 ಕಳೆದರೆ ಸಿಗುವ ಇಂಥ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳು ಅಂತ ಹೆಸರು. ಬೈನರಿಯಲ್ಲಿ ಬರೆದರೆ ಬರೀ 1ಗಳ ಸಾಲು. 2^6 − 1 ಅಂದರೆ 111111. ಇದನ್ನು ಎರಡೆರಡಾಗಿ ಕತ್ತರಿಸಿ: 11 11 11. ಪ್ರತಿ ತುಂಡೂ 3, ಹಾಗಾಗಿ ಇಡೀ ಸಂಖ್ಯೆ 3ರಿಂದ ಭಾಗವಾಗುತ್ತದೆ. ಮೂರು ಮೂರಾಗಿ ಕತ್ತರಿಸಿದರೆ 111 111, ಅಂದರೆ 7ರಿಂದಲೂ ಭಾಗವಾಗುತ್ತದೆ. ಘಾತವನ್ನು ಸಮನಾಗಿ ತುಂಡು ಮಾಡಲು ಬಂದರೆ ಸಂಖ್ಯೆಯೂ ತುಂಡಾಗುತ್ತದೆ. ಆದ್ದರಿಂದ ಘಾತ ಅವಿಭಾಜ್ಯವಾಗಿರಲೇಬೇಕು. ಅಷ್ಟೇ ಸಾಲದು: 11 ಅವಿಭಾಜ್ಯ, ಆದರೆ 2^11 − 1 = 2047 = 23 × 89. ಈ ಎರಡರ ನಡುವಿನ ಜಾಗದಲ್ಲೇ ಪರೀಕ್ಷೆಗೆ ಕೆಲಸ.

ಮೊದಲ ಸಂಜೆ

ಪರೀಕ್ಷೆಯ ಹೆಸರು ಲೂಕಾಸ್–ಲೆಹ್ಮರ್. 4ರಿಂದ ಶುರು. ವರ್ಗ ಮಾಡಬೇಕು, 2 ಕಳೆಯಬೇಕು, ಪರೀಕ್ಷೆಗಿಟ್ಟ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಬೇಕು. ಬಂದದ್ದಕ್ಕೆ ಮತ್ತೆ ಅದನ್ನೇ. ಹೀಗೆ ಘಾತಕ್ಕಿಂತ 2 ಕಮ್ಮಿ ಸಲ. ಘಾತ 7 ಆದರೆ ಸಂಖ್ಯೆ 127, ಐದು ಸುತ್ತು:

4 → 14 → 67 → 42 → 111 → 0

ಕೈಯಲ್ಲೇ ಮಾಡಿ ನೋಡಿ. 14ರ ವರ್ಗ 196, 2 ಕಳೆದರೆ 194, 127 ತೆಗೆದರೆ 67. ಕೊನೆಯ ಸುತ್ತಿನಲ್ಲಿ 111ರ ವರ್ಗದಿಂದ 2 ಕಳೆದರೆ 12319. ಅದು ಸರಿಯಾಗಿ 97 × 127. ಶೇಷ ಸೊನ್ನೆ. 127 ಅವಿಭಾಜ್ಯ.

ನನ್ನ ಪ್ರೋಗ್ರಾಂ 7ಕ್ಕೆ 125 ಅಂತು. 13ಕ್ಕೆ 8189. 17ಕ್ಕೆ 131069. ಪ್ರತಿಯೊಂದರ ಮುಂದೆ ‘ಸಂಯುಕ್ತ’ ಅಂತ ಬರೆದು ಧೈರ್ಯವಾಗಿ ಮುಂದೆ ಹೋಗುತ್ತಿತ್ತು.

ಸ್ವಲ್ಪ ಹೊತ್ತು ಗುಣಾಕಾರವನ್ನೇ ಅನುಮಾನಿಸಿದೆ. ಆಮೇಲೆ ಆ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟೆ. 127 ಪಕ್ಕ 125, 8191 ಪಕ್ಕ 8189, 131071 ಪಕ್ಕ 131069. ಎಲ್ಲದಕ್ಕೂ ಎರಡೇ ಕಮ್ಮಿ. ಅಂದರೆ ಶೇಷ −2. ಸೊನ್ನೆಯ ವರ್ಗದಿಂದ 2 ಕಳೆದರೆ ಬರುವುದು −2 ಅಲ್ವಾ? ಸೊನ್ನೆ ಬಂದಿತ್ತು. ನಾನು ಒಂದು ಸುತ್ತು ಜಾಸ್ತಿ ಓಡಿಸಿ ಅದನ್ನು ದಾಟಿ ಹೋಗಿದ್ದೆ. ಇನ್ನೊಂದು ಸುತ್ತು ಓಡಿಸಿದರೆ (−2)ರ ವರ್ಗ 4, 2 ಕಳೆದರೆ 2. ಆಮೇಲೆ ಎಷ್ಟು ಓಡಿಸಿದರೂ 2, 2, 2. ಲೂಪಿನ ಎಣಿಕೆಯಲ್ಲಿ ಒಂದು ಕಮ್ಮಿ ಮಾಡಿದೆ, ಸರಿಹೋಯಿತು. (ಘಾತ 2ಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ. ಅದನ್ನು ಕೈಯಿಂದಲೇ ಪಟ್ಟಿಗೆ ಸೇರಿಸಿದೆ.)

ಇಲ್ಲೇ ಒಂದು ವಿಷಯ ತಲೆಗೆ ಹತ್ತಿತು. 2^127 − 1 ಅಂದರೆ 170141183460469231731687303715884105727, 39 ಅಂಕಿ. ಶೇಷ ಅಷ್ಟರಲ್ಲಿ ಯಾವುದು ಬೇಕಾದರೂ ಆಗಬಹುದು. ಕೆಟ್ಟ ಲೆಕ್ಕವೊಂದು ತಪ್ಪಿ ಹೋಗಿ ಸೊನ್ನೆಯ ಮೇಲೇ ಬೀಳುವುದು ಆಗದ ಮಾತು. ಹಾಗಾಗಿ ಸೊನ್ನೆ ಬಂದರೆ ನಂಬಬಹುದು. ಬಾರದಿದ್ದರೆ? ಸಂಖ್ಯೆ ನಿಜಕ್ಕೂ ಸಂಯುಕ್ತವೋ, ನನ್ನ ಪ್ರೋಗ್ರಾಂ ಕೆಟ್ಟಿದೆಯೋ, ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ. ಮುಂದಿನ ಮೂರು ವಾರ ನಡೆದದ್ದೆಲ್ಲ ಇದರದ್ದೇ ಜಗಳ.

ಭಾಗಾಕಾರ ತೆಗೆದು ಹಾಕಿದ್ದು

ದೊಡ್ಡ ಸಂಖ್ಯೆಗಳ ಭಾಗಾಕಾರ ನಿಧಾನ. ಮರ್ಸೆನ್ ಸಂಖ್ಯೆಗೆ ಅದು ಬೇಕಾಗಿಯೇ ಇಲ್ಲ. 9ರಿಂದ ಭಾಗಿಸಿದ ಶೇಷ ಬೇಕಾದರೆ ಅಂಕಿಗಳನ್ನು ಕೂಡುತ್ತೇವಲ್ಲ, ಅದೇ ಉಪಾಯ. 9 ಅಂದರೆ 10 − 1. ಇಲ್ಲಿ 2^7 − 1. ಹಾಗಾಗಿ ಬೈನರಿ ಸಂಖ್ಯೆಯನ್ನು ಏಳೇಳು ಬಿಟ್‌ಗಳ ತುಂಡು ಮಾಡಿ, ತುಂಡುಗಳನ್ನು ಕೂಡಿದರೆ ಸಾಕು. ಮೇಲಿನ ಅರ್ಧವನ್ನು ಮಡಚಿ ಕೆಳಗಿನ ಅರ್ಧದ ಮೇಲೆ ಹಾಕಿದ ಹಾಗೆ.

ಮಡಿಕೆ ಹಾಕಿದೆ. ವೇಗ ಬಂತು. ಸೊನ್ನೆಗಳು ಮತ್ತೆ ಮಾಯ. ಈ ಸಲ ಒಂದೇ ಒಂದು ಅವಿಭಾಜ್ಯವೂ ಇಲ್ಲ.

7ನ್ನೇ ತೆಗೆದುಕೊಂಡು ಪ್ರತಿ ಸುತ್ತನ್ನೂ ಮುದ್ರಿಸಿದೆ. 14, 67, 42, 111 ಎಲ್ಲ ಸರಿ. ಕೊನೆಯ ಸುತ್ತಿನಲ್ಲಿ 12319. ಕೆಳಗಿನ ಏಳು ಬಿಟ್ 31, ಮೇಲಿನ ಭಾಗ 96. ಕೂಡಿದರೆ 127. ಸೊನ್ನೆಯಲ್ಲ, 127! ಶೇಷದ ಲೆಕ್ಕದಲ್ಲಿ 127 ಅಂದರೂ 0 ಅಂದರೂ ಒಂದೇ, ಆದರೆ ‘ಸೊನ್ನೆಗೆ ಸಮವೇ’ ಅಂತ ಕೇಳುವ ಸಾಲಿಗೆ ಅದು ಹೇಗೆ ಗೊತ್ತಾಗಬೇಕು. ಯೋಚಿಸಿದರೆ ಇದು ಯಾವತ್ತೂ ಹೀಗೇ ಆಗಬೇಕು. ಸೊನ್ನೆಗಿಂತ ದೊಡ್ಡ ಸಂಖ್ಯೆಯನ್ನು ಎಷ್ಟು ಮಡಚಿ ಕೂಡಿದರೂ ಸೊನ್ನೆ ಬರುವುದಿಲ್ಲ. 18ರ ಅಂಕಿ ಕೂಡಿದರೆ 9 ಬರುತ್ತದೆಯೇ ಹೊರತು 0 ಅಲ್ಲ. ‘ಎಲ್ಲಾ ಬಿಟ್ 1 ಇದ್ದರೆ ಸೊನ್ನೆ ಅಂತ ಲೆಕ್ಕ’ ಎಂಬ ಒಂದು ಸಾಲು ಸೇರಿಸಿದೆ. ಮುಗಿಯಿತು.

ಜರಡಿ ಹಿಡಿದು ತಿಂದದ್ದು

ಇಡೀ ಪರೀಕ್ಷೆ ಓಡಿಸುವ ಮೊದಲು ಸಣ್ಣ ಅಪವರ್ತನ ಇದೆಯೇ ಅಂತ ನೋಡಿಕೊಳ್ಳುವುದು ಲಾಭ. ಇಲ್ಲಿ ಮರ್ಸೆನ್ ಸಂಖ್ಯೆಗಳ ಒಂದು ಸೊಗಸಾದ ಗುಣ ಸಹಾಯಕ್ಕೆ ಬರುತ್ತದೆ. ಘಾತ ಬೆಸ ಅವಿಭಾಜ್ಯವಾದರೆ, ಆ ಸಂಖ್ಯೆಯ ಯಾವ ಅಪವರ್ತನವೂ ಘಾತದ ಎರಡರಷ್ಟರ ಗುಣಕಕ್ಕಿಂತ 1 ಜಾಸ್ತಿ ಇರಬೇಕು. ಜೊತೆಗೆ 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಇರಬೇಕು. 11ಕ್ಕೆ ನೋಡಿ: 23 ಅಂದರೆ 22 + 1. 89 ಅಂದರೆ 88 + 1. ಬೇರೆ ಯಾವುದನ್ನೂ ಭಾಗಿಸಿ ನೋಡುವುದೇ ಬೇಡ.

ಗುಣಕ ಒಂದು ಲಕ್ಷದವರೆಗೆ ಹುಡುಕುವ ಜರಡಿ ಬರೆದೆ. ಓಡಿಸಿದೆ. 3, 5, 7, 13, 17, 19 ಆರೂ ಸಂಯುಕ್ತ ಅಂತ ಬಂತು! 31ರಿಂದ ಮುಂದೆ ಎಲ್ಲ ಸರಿ.

ಈ ತಪ್ಪು ನನಗೆ ಇಷ್ಟವಾಯಿತು. 8191ಕ್ಕೆ ಅಪವರ್ತನ ಸಿಕ್ಕಿತು ಅಂತ ಜರಡಿ ಹೇಳಿದ್ದು ಸುಳ್ಳಲ್ಲ. ಅದಕ್ಕೆ ಸಿಕ್ಕಿದ್ದು 8191ನ್ನೇ. ಅದೂ 26 × 315 + 1, ನಿಯಮಕ್ಕೆ ಸರಿಯಾಗಿ ಹೊಂದುತ್ತದೆ. ತನ್ನನ್ನು ತಾನೇ ಭಾಗಿಸಿಕೊಂಡು ‘ನಾನು ಸಂಯುಕ್ತ’ ಅನ್ನುತ್ತಿತ್ತು. 31 ಉಳಿದದ್ದು ಅದರ ಅದೃಷ್ಟ: 2147483647 ಮುಟ್ಟಬೇಕಾದರೆ ಗುಣಕ ಮೂರೂವರೆ ಕೋಟಿಯ ಹತ್ತಿರ ಹೋಗಬೇಕು, ನನ್ನ ಜರಡಿ ಒಂದು ಲಕ್ಷಕ್ಕೆ ನಿಲ್ಲುತ್ತಿತ್ತು. ವರ್ಗಮೂಲ ದಾಟಬಾರದು ಅಂತ ಮಿತಿ ಹಾಕಿದೆ.

ಆ 2147483647 ಅವಿಭಾಜ್ಯ ಅಂತ ಆಯ್ಲರ್ 1772ರಲ್ಲಿ ತೋರಿಸಿದ್ದು ಇದೇ ಗುಣ ಹಿಡಿದು. ಪ್ರತಿ ಅವಿಭಾಜ್ಯದಿಂದಲೂ ಭಾಗಿಸುತ್ತಾ ಕೂರದೆ, ನಿಯಮಕ್ಕೆ ಹೊಂದುವ ಕೆಲವನ್ನು ಮಾತ್ರ ನೋಡಿದರೆ ಸಾಕಿತ್ತು.

66 ಸಲ ‘ಇಲ್ಲ’

ಸರಿ, ಈಗ ಘಾತಗಳನ್ನು ಸಾಲಾಗಿ ಓಡಿಸಲು ಬಿಟ್ಟೆ. 2, 3, 5, 7, 13, 17, 19, 31, 61, 89, 107, 127. ಪಟಪಟ ಬಂದವು. ಆಮೇಲೆ ಏನೂ ಇಲ್ಲ. 131, 137, 139, 149... ಒಂದಾದ ಮೇಲೊಂದು ‘ಸಂಯುಕ್ತ’. ಮೂರು ಸಲ ಮೋಸ ಹೋದವನಿಗೆ ನಾಲ್ಕನೇ ಸಲ ನಂಬಿಕೆ ಎಲ್ಲಿಂದ ಬರಬೇಕು? ನಿಲ್ಲಿಸಿ, ಕೋಡ್ ಮತ್ತೆ ಓದಿದೆ. ತಪ್ಪು ಸಿಗಲಿಲ್ಲ. ಮತ್ತೆ ಬಿಟ್ಟೆ. 521ಕ್ಕೆ ಸೊನ್ನೆ ಬಂತು. ನಡುವೆ 66 ಅವಿಭಾಜ್ಯ ಘಾತಗಳು, 66 ಸಲವೂ ‘ಇಲ್ಲ’.

ಈ ಖಾಲಿ ಜಾಗ ಮನುಷ್ಯರನ್ನೂ ಕಾಡಿಸಿದೆ. 2^127 − 1 ಅವಿಭಾಜ್ಯ ಅಂತ ಲೂಕಾಸ್ 1876ರಲ್ಲಿ ತೋರಿಸಿದ. ಅದಕ್ಕಿಂತ ದೊಡ್ಡ ಮರ್ಸೆನ್ ಅವಿಭಾಜ್ಯ ಸಿಗಲು 1952 ಆಗಬೇಕಾಯಿತು. ಆ ವರ್ಷ ಜನವರಿ 30ರಂದು ರಾಫೆಲ್ ರಾಬಿನ್ಸನ್ ಬರೆದ ಪ್ರೋಗ್ರಾಂ ಸ್ವಾಕ್ ಎಂಬ ಕಂಪ್ಯೂಟರಿನಲ್ಲಿ 521 ಮತ್ತು 607 ಎರಡನ್ನೂ ಒಂದೇ ದಿನ ಹಿಡಿಯಿತು. ಅದೇ ವರ್ಷ 1279, 2203, 2281 ಕೂಡ. ಅವನ ಕೋಡ್ ಮೊದಲ ಸಲಕ್ಕೇ ಓಡಿತಂತೆ. ಹೊಟ್ಟೆ ಉರಿಯುತ್ತದೆ.

ಮರ್ಸೆನ್ ಸ್ವತಃ 1644ರಲ್ಲಿ 257ರವರೆಗಿನ ಪಟ್ಟಿ ಕೊಟ್ಟಿದ್ದ. ಅದರಲ್ಲಿ 67 ಮತ್ತು 257 ತಪ್ಪಾಗಿ ಸೇರಿದ್ದವು. 61, 89, 107 ಬಿಟ್ಟುಹೋಗಿದ್ದವು. 2^67 − 1 ಸಂಯುಕ್ತ ಅಂತ ಲೂಕಾಸ್‌ಗೆ ಗೊತ್ತಾಗಿತ್ತು, ಅಪವರ್ತನ ಮಾತ್ರ ಗೊತ್ತಿರಲಿಲ್ಲ. ಈ ಪರೀಕ್ಷೆಯ ವಿಚಿತ್ರವೇ ಅದು: ಒಡೆಯುತ್ತದೆ ಅನ್ನುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ. 1903ರಲ್ಲಿ ಫ್ರಾಂಕ್ ಕೋಲ್ ಅದನ್ನು 193707721 × 761838257287 ಅಂತ ಒಡೆದು ತೋರಿಸಿದ. ನನ್ನ ಜರಡಿಗೂ ಇದನ್ನು ಕೊಟ್ಟು ನೋಡಿದೆ. ಗುಣಕದ ಮಿತಿ ಹದಿನೈದು ಲಕ್ಷಕ್ಕೆ ಏರಿಸಿದೆ. 14,45,580ಕ್ಕೆ ಬಂದಾಗ 193707721 ಸಿಕ್ಕಿತು. ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು.

4423ರವರೆಗೆ ಓಡಿಸಿದಾಗ ಒಟ್ಟು 20 ಘಾತಗಳು ಬಂದವು. ಇರಬೇಕಾದದ್ದೂ ಇಪ್ಪತ್ತೇ.

ಒಂದು ಸಣ್ಣ ತಾಪತ್ರಯ

19937ಕ್ಕೆ ಸೊನ್ನೆ ಬಂತು, ಖುಷಿಯಲ್ಲಿ ಸಂಖ್ಯೆಯನ್ನು ಪೂರ್ತಿ ಮುದ್ರಿಸಲು ಹೋದೆ. ಪೈಥಾನ್ ನಿರಾಕರಿಸಿತು. ಈಗಿನ ಪೈಥಾನ್ 4300 ಅಂಕಿಗಿಂತ ಉದ್ದದ ಪೂರ್ಣಾಂಕವನ್ನು ಅಕ್ಷರಗಳಾಗಿ ಬದಲಾಯಿಸುವುದಿಲ್ಲ, ನಾವೇ ಆ ಮಿತಿ ತೆಗೆಯಬೇಕು. ಇದು 6002 ಅಂಕಿಯದ್ದು. ತಮಾಷೆ ಏನೆಂದರೆ, ಅದೇ ಪೈಥಾನ್ ಯಾದೃಚ್ಛಿಕ ಸಂಖ್ಯೆ ಕೊಡಲು ಬಳಸುವ ಮರ್ಸೆನ್ ಟ್ವಿಸ್ಟರ್‌ನ ಚಕ್ರದ ಉದ್ದ ಸರಿಯಾಗಿ 2^19937 − 1. ಒಳಗೆ ಇಟ್ಟುಕೊಂಡಿದೆ, ಹೊರಗೆ ತೋರಿಸಲ್ಲ ಅನ್ನುತ್ತದೆ.

ಪೂರ್ತಿ ಮುದ್ರಿಸುವ ಅಗತ್ಯವೂ ಇಲ್ಲ ಬಿಡಿ. 2024ರ ಅಕ್ಟೋಬರ್‌ನಲ್ಲಿ ಸಿಕ್ಕ 2^136279841 − 1ನ್ನೇ ನೋಡಿ. ಘಾತವನ್ನು 2ರ ಲಾಗರಿದಮ್‌ನಿಂದ, ಅಂದರೆ 0.30102999566ರಿಂದ ಗುಣಿಸಿದರೆ 41024319.945 ಬರುತ್ತದೆ. ಅಂದರೆ 41024320 ಅಂಕಿ. ದಶಮಾಂಶದ ಆಚೆಯ .945 ಭಾಗದಿಂದ ಸಂಖ್ಯೆ 88ರಿಂದ ಶುರುವಾಗುತ್ತದೆ ಅಂತ ತಿಳಿಯುತ್ತದೆ. ಬಾಲ ಇನ್ನೂ ಸುಲಭ. 2ರ ಘಾತಗಳ ಕೊನೆಯ ಮೂರು ಅಂಕಿ ಪ್ರತಿ 100 ಹೆಜ್ಜೆಗೆ ಮರುಕಳಿಸುತ್ತವೆ. ಹಾಗಾಗಿ 2^41 ನೋಡಿದರೆ ಸಾಕು: 2199023255552. ಒಂದು ಕಳೆದರೆ ಕೊನೆ 551. ನಾಲ್ಕು ಕೋಟಿ ಅಂಕಿಯ ಸಂಖ್ಯೆಯ ತಲೆ, ಬಾಲ, ಉದ್ದ ಮೂರೂ ಕ್ಯಾಲ್ಕುಲೇಟರಿನಲ್ಲಿ ಸಿಕ್ಕಿದವು.

ನಿಜವಾದ ಕಷ್ಟ: ಎಫ್‌ಎಫ್‌ಟಿ

ಪೈಥಾನ್ ದೊಡ್ಡ ಸಂಖ್ಯೆಗಳನ್ನು ಕರಟ್ಸುಬಾ ವಿಧಾನದಲ್ಲಿ ಗುಣಿಸುತ್ತದೆ. ಸಂಖ್ಯೆಯ ಉದ್ದ ಎರಡರಷ್ಟಾದರೆ ಗುಣಾಕಾರದ ಸಮಯ ಸುಮಾರು ಮೂರರಷ್ಟು. ನಮ್ಮ ಪರೀಕ್ಷೆಯಲ್ಲಿ ಸುತ್ತುಗಳೂ ಎರಡರಷ್ಟಾಗುತ್ತವೆ. ಅಲ್ಲಿಗೆ ಆರು ಪಟ್ಟು. ಎಫ್‌ಎಫ್‌ಟಿ (ಫಾಸ್ಟ್ ಫೂರಿಯರ್ ಟ್ರಾನ್ಸ್‌ಫಾರ್ಮ್, ದೊಡ್ಡ ಗುಣಾಕಾರವನ್ನು ಬೇಗ ಮುಗಿಸುವ ಗಣಿತದ ವಿಧಾನ) ಬಳಸಿದರೆ ಇದು ನಾಲ್ಕು ಪಟ್ಟಿಗಿಂತ ಸ್ವಲ್ಪ ಜಾಸ್ತಿಗೆ ಇಳಿಯುತ್ತದೆ. ದೊಡ್ಡ ಘಾತಗಳಿಗೆ ಬೇರೆ ದಾರಿ ಇಲ್ಲ.

ಪೈಥಾನಿನ ಗಣಿತದ ಲೈಬ್ರರಿ ನಮ್‌ಪೈನಲ್ಲಿ ಬರೆದೆ. ಸಂಖ್ಯೆಯನ್ನು 20 ಬಿಟ್‌ನ ತುಂಡುಗಳಾಗಿ ಕತ್ತರಿಸಿ, ಎಫ್‌ಎಫ್‌ಟಿ ಮಾಡಿ, ಪ್ರತಿಯೊಂದನ್ನೂ ವರ್ಗ ಮಾಡಿ, ಹಿಂದಕ್ಕೆ ತಂದು, ಹತ್ತಿರದ ಪೂರ್ಣಾಂಕಕ್ಕೆ ಸರಿ ಮಾಡಿ, ಕೈಯಲ್ಲಿ ಉಳಿದ ದಶಕವನ್ನು ಮುಂದಿನ ತುಂಡಿಗೆ ಸೇರಿಸುವುದು. 4423 ಸರಿ. 9689 ಸರಿ. 44497ರವರೆಗೂ ಎಲ್ಲ ಸೊನ್ನೆ. ಈ ಗಾತ್ರದಲ್ಲಿ ನನ್ನದು ಪೈಥಾನಿನ ಗುಣಾಕಾರಕ್ಕಿಂತ ವೇಗವೇನೂ ಇರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೂ ಸರಿ ಬಂತಲ್ಲ.

86243 ಕೊಟ್ಟೆ. 25962 ಅಂಕಿಯ ಸಂಖ್ಯೆ, 1982ರಿಂದ ಅವಿಭಾಜ್ಯ ಅಂತ ಗೊತ್ತಿರುವುದು. ಸಂಯುಕ್ತ ಅಂತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಸುಮ್ನೆ ಒಂದು ಉದ್ದದ ಶೇಷ.

ಈ ಘಾತ ಗೊತ್ತಿಲ್ಲದ್ದಾಗಿದ್ದರೆ ನಂಬಿ ಮುಂದೆ ಹೋಗುತ್ತಿದ್ದೆ ಅನ್ನುವುದೇ ಹೆದರಿಸಿತು.

ಕಾರಣ ಹುಡುಕಲು ಮತ್ತೆ ಹಳೆಯ ಒಂಬತ್ತರ ಲೆಕ್ಕದ ಸೋದರನನ್ನೇ ಕರೆದೆ. ಗುಣಾಕಾರಕ್ಕೆ ಮೊದಲು ಎಲ್ಲ ತುಂಡುಗಳನ್ನೂ ಕೂಡಿ ಇಟ್ಟುಕೊಂಡೆ. ಎಫ್‌ಎಫ್‌ಟಿ ಮುಗಿದ ಮೇಲೆ, ದಶಕ ಸೇರಿಸುವ ಮೊದಲು, ಬಂದ ಸಂಖ್ಯೆಗಳನ್ನೂ ಕೂಡಿದೆ. ಎರಡನೆಯ ಮೊತ್ತ ಮೊದಲ ಮೊತ್ತದ ವರ್ಗಕ್ಕೆ ಸರಿಯಾಗಿ ಸಮ ಇರಬೇಕು. (ಅ + ಆ)ರ ವರ್ಗ ಬಿಡಿಸಿದ ಹಾಗೆ, ಅಷ್ಟೇ. ಸುತ್ತು ಸುತ್ತಿಗೂ ಹೋಲಿಸಿದೆ. ನೂರಾರು ಸುತ್ತು ಸಮ. ಆಮೇಲೆ ಒಂದು ಕಡೆ ಹತ್ತೊಂಬತ್ತು ಅಂಕಿಯ ಎರಡು ಮೊತ್ತಗಳು, ಕೊನೆಯ ಅಂಕಿಯಲ್ಲಿ ಮಾತ್ರ 1 ವ್ಯತ್ಯಾಸ.

ಆ ಒಂದು ಎಲ್ಲಿಂದ ಬಂತು? ಎರಡು 20 ಬಿಟ್ ತುಂಡುಗಳ ಗುಣಲಬ್ಧ 40 ಬಿಟ್. ಅಂಥವನ್ನು 4313ರವರೆಗೆ ಕೂಡಬೇಕು, ಅದಕ್ಕೆ ಇನ್ನೂ 12 ಬಿಟ್. ಒಟ್ಟು 52. ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಟ್ಟುಕೊಳ್ಳುವ ‘ಡಬಲ್’ ಎಂಬ ಮಾದರಿಯಲ್ಲಿ ಇರುವುದೇ 53 ಬಿಟ್. ಎಫ್‌ಎಫ್‌ಟಿ ಒಳಗಿನ ಸಣ್ಣ ಸಣ್ಣ ದೋಷಗಳಿಗೆ ಜಾಗವೇ ಉಳಿದಿಲ್ಲ. 7 ಬರಬೇಕಾದ ಕಡೆ 7.52 ಬಂದರೆ ಅದು 8 ಆಗಿ ಸರಿಯಾಗುತ್ತದೆ. ಅಲ್ಲಿಂದ ಮುಂದಿನ ಎಲ್ಲ ಸುತ್ತುಗಳೂ ತಪ್ಪು. ಒಮ್ಮೆ ದಾರಿ ತಪ್ಪಿದರೆ ಈ ಲೆಕ್ಕ ವಾಪಸ್ ಬರುವುದಿಲ್ಲ.

ಮೂರು ರಿಪೇರಿ ಮಾಡಿದೆ. ತುಂಡನ್ನು 16 ಬಿಟ್‌ಗೆ ಇಳಿಸಿದೆ. ತುಂಡುಗಳನ್ನು 0ರಿಂದ 65535ರ ಬದಲು −32768ರಿಂದ 32767ರವರೆಗೆ ಇಟ್ಟೆ. ಧನ, ಋಣ ಎರಡೂ ಇದ್ದರೆ ಮೊತ್ತಗಳು ಅಷ್ಟು ಉಬ್ಬುವುದಿಲ್ಲ. ಮತ್ತೆ ಪ್ರತಿ ಸುತ್ತಿನಲ್ಲೂ ಹತ್ತಿರದ ಪೂರ್ಣಾಂಕದಿಂದ ಅತಿ ದೂರ ಇರುವ ಸಂಖ್ಯೆ ಎಷ್ಟು ದೂರ ಇದೆ ಅಂತ ಅಳೆದು, 0.4 ದಾಟಿದರೆ ನಿಲ್ಲು ಅಂದೆ. 0.5 ದಾಟಿದ್ದನ್ನು ಯಾರೂ ನೋಡಲಾರರು, ಅದು ಆಗಲೇ ಪಕ್ಕದ ಪೂರ್ಣಾಂಕದ ವೇಷ ಹಾಕಿರುತ್ತದೆ. ಅದಕ್ಕೇ ಮೊದಲೇ ನಿಲ್ಲಬೇಕು.

86243ಕ್ಕೆ ಸೊನ್ನೆ ಬಂತು. ಆಮೇಲೆ 216091. ಇದು 65050 ಅಂಕಿಯದ್ದು. ಇಲ್ಲಿ ಎಫ್‌ಎಫ್‌ಟಿ ಗೆದ್ದಿತು: ಪೈಥಾನಿನ ಗುಣಾಕಾರ ಇನ್ನೂ ಅರ್ಧ ದಾರಿ ಮುಟ್ಟಿರಲಿಲ್ಲ, ಇದು ಸೊನ್ನೆ ಮುದ್ರಿಸಿ ಕೂತಿತ್ತು.

ದೊಡ್ಡವರು ಇನ್ನೂ ಒಂದು ಹೆಜ್ಜೆ ಮುಂದಿದ್ದಾರೆ. ಎಫ್‌ಎಫ್‌ಟಿ ತಾನಾಗಿಯೇ ಸುತ್ತಿಕೊಳ್ಳುತ್ತದೆ, ನಮ್ಮ ಮಡಿಕೆಗೂ ಬೇಕಾದದ್ದು ಅದೇ. ಎರಡನ್ನೂ ಹೊಂದಿಸಿದರೆ ಅರ್ಧ ಉದ್ದದಲ್ಲಿ ಕೆಲಸ ಆಗುತ್ತದೆ. ಆದರೆ ಘಾತ ಅವಿಭಾಜ್ಯ, ಸಮ ತುಂಡುಗಳಾಗಿ ಕತ್ತರಿಸಲು ಬರುವುದಿಲ್ಲ. ಒಂದು ತುಂಡು 18 ಬಿಟ್, ಪಕ್ಕದ್ದು 19 ಅಂತ ಇಟ್ಟು, ಸೂಕ್ತ ತೂಕಗಳಿಂದ ಗುಣಿಸಿ ಸರಿದೂಗಿಸುವ ದಾರಿಯನ್ನು ಕ್ರಾಂಡಲ್ ಮತ್ತು ಫೇಗಿನ್ 1994ರಲ್ಲಿ ಕೊಟ್ಟರು. ನಾನು ಇನ್ನೂ ಅದಕ್ಕೆ ಕೈ ಹಾಕಿಲ್ಲ.

ಎರಡೆರಡು ಸಲ

ಗೊತ್ತಿರುವ ಅವಿಭಾಜ್ಯಗಳು ಮುಗಿದವು. ಇನ್ನು ‘ಇಲ್ಲ’ಗಳನ್ನು ನಂಬುವುದು ಹೇಗೆ? 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರು ಮಾಡಿದ, ಸ್ವಯಂಸೇವಕರು ಸೇರಿ ಮರ್ಸೆನ್ ಅವಿಭಾಜ್ಯ ಹುಡುಕುವ ಯೋಜನೆ ಗಿಂಪ್ಸ್‌ನಲ್ಲಿ ಇದಕ್ಕೆ ಒಂದು ಒಳ್ಳೆಯ ಉಪಾಯ ಇದೆ, ಅದನ್ನೇ ಎತ್ತಿಕೊಂಡೆ. ಬರೀ 1ಗಳ ಈ ಸಂಖ್ಯೆಯ ಶೇಷದಲ್ಲಿ 2ರಿಂದ ಗುಣಿಸುವುದು ಅಂದರೆ ಬಿಟ್‌ಗಳನ್ನು ಒಂದು ಮನೆ ತಿರುಗಿಸುವುದು, ಅಷ್ಟೇ. ಎಡತುದಿಯಿಂದ ಬಿದ್ದದ್ದು ಬಲತುದಿಗೆ ಬರುತ್ತದೆ. ಹಾಗಾಗಿ 4ನ್ನು ಮೊದಲೇ ಒಂದಷ್ಟು ಮನೆ ತಿರುಗಿಸಿ ಲೆಕ್ಕ ಶುರು ಮಾಡಬಹುದು. ಪ್ರತಿ ವರ್ಗಕ್ಕೂ ಆ ತಿರುಗು ಎರಡರಷ್ಟಾಗುತ್ತದೆ. ಕಳೆಯುವ 2ನ್ನೂ ಅಷ್ಟೇ ತಿರುಗಿಸಿ ಕಳೆಯಬೇಕು. ಕೊನೆಗೆ ಹಿಂದಕ್ಕೆ ತಿರುಗಿಸಿದರೆ ಅದೇ ಉತ್ತರ. ಆದರೆ ನಡುವೆ ಎಫ್‌ಎಫ್‌ಟಿ ಕಂಡ ಸಂಖ್ಯೆಗಳು ಪೂರ್ತಿ ಬೇರೆ. ಒಂದೇ ತಪ್ಪು ಎರಡೂ ಓಟದಲ್ಲಿ ಆಗುವ ಸಾಧ್ಯತೆ ಹೋಯಿತು.

ಈಗ ನನ್ನ ಲಾಗ್ ಫೈಲಿನಲ್ಲಿ ಪ್ರತಿ ಘಾತಕ್ಕೂ ಎರಡು ಸಾಲು, ಪ್ರತಿ ಸಾಲಿನಲ್ಲಿ ಶೇಷದ ಕೊನೆಯ 64 ಬಿಟ್. ಎರಡೂ ಹೊಂದಿದರೆ ‘ಸಂಯುಕ್ತ’ ಅಂತ ಬರೆಯುತ್ತೇನೆ. ನಿನ್ನೆ ಒಂದು ಜೋಡಿ ಹೊಂದಲಿಲ್ಲ. ಗುಣಾಕಾರದ ಮೊತ್ತಗಳು ಎರಡೂ ಓಟದಲ್ಲಿ ಸರಿಯಾಗೇ ಇದ್ದವು. ಕೊನೆಗೆ ಸಿಕ್ಕಿದ್ದು ಏನೆಂದರೆ, ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಶೇಷ ಹೊಸದು, ಸುತ್ತಿನ ಎಣಿಕೆ ಹಳೆಯದು. ಎರಡನ್ನೂ ಬೇರೆ ಬೇರೆ ಫೈಲಿನಲ್ಲಿ ಉಳಿಸುತ್ತಿದ್ದೆ. ಒಂದು ಬರೆದು ಇನ್ನೊಂದು ಬರೆಯುವಷ್ಟರಲ್ಲಿ ನಾನೇ ಕಂಟ್ರೋಲ್-ಸಿ ಒತ್ತಿದ್ದೆ. ಮತ್ತೆ ಅದೇ, ಒಂದು ಸುತ್ತು ಜಾಸ್ತಿ.

ಎರಡನ್ನೂ ಒಂದೇ ಫೈಲಿಗೆ ಹಾಕಿದೆ. ಆ ಘಾತದ ಎರಡೂ ಸಾಲು ಅಳಿಸಿ, ಮೊದಲಿನಿಂದ ಓಡಲು ಬಿಟ್ಟಿದ್ದೇನೆ.